ಕೋಡಗ, ಕೋಳಿ, ಕುಣಿ

ಧಾರವಾಡ ಸೀಮೆಯಲ್ಲಿ ಹುಟ್ಟಿದವರನ್ನು ‘ಕೋಡಗನ ಕೋಳಿ’ ಹಾಡು ಯಾರಿಂದ ಕಲಿತಿರಿ ಎಂದು ಕೇಳಿ ನೋಡಿ, ತಡವರಿಸುತ್ತಾರೆ. ಅಜ್ಜಿ ಹೇಳಿಕೊಟ್ಟಳೋ, ಸಾಲಿಯ ಮಾಸ್ತರರೋ, ಗಣಪತಿ ಪೆಂಡಾಲಿನ ಮೈಕೋ, ಯಾವುದೂ ನೆನಪಿರುವುದಿಲ್ಲ. ಮಾತು ಬಂದ ಹೊತ್ತಿಗೇ ಬಂದುಬಿಟ್ಟ ಹಾಡು ಅದು. ಕೋಳಿ ಹೋಗಿ ಮಂಗನನ್ನು ನುಂಗಿತಂತೆ ಎಂದರೆ ನಾಲ್ಕು ವರ್ಷದ ಕೂಸು ನಗುತ್ತದೆ. ಆಡಿನ ಹೊಟ್ಟೆಗೆ ಆನೆ ಹೋಯಿತೆಂದರೆ ಇನ್ನೂ ಜೋರಾಗಿ ನಗುತ್ತದೆ. ಮಕ್ಕಳು ನಕ್ಕಿದ್ದಕ್ಕೇ ಇದು ಮಕ್ಕಳ ಹಾಡು ಅನಿಸಿಕೊಂಡಿದೆ. ಶಿಶುಗೀತೆಗಳ ಸೀಡಿಗಳಲ್ಲಿ ಆನೆ, ಅಳಿಲು, ಚಂದಮಾಮರ ಜೊತೆ ಸೇರಿಕೊಂಡು ಕೂತಿದೆ.

ನನ್ನ ತಕರಾರು ಇರುವುದು ಇಲ್ಲೇ. ಇದರಷ್ಟು ಕರಾಳವಾದ ಹಾಡು ನಮ್ಮ ಭಾಷೆಯಲ್ಲಿ ಹೆಚ್ಚಿಲ್ಲ. ಮಕ್ಕಳು ಹಾಡುತ್ತಾರೆ ನಿಜ. ಆದರೆ ಅದು ಹೇಳುವುದು ಮಕ್ಕಳು ಮುಂದೆ ಏನಾಗುತ್ತಾರೆ ಎಂಬುದನ್ನು.

ಬರೆದವರು ಶಿಶುನಾಳ ಶರೀಫ ಸಾಹೇಬರು. ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ಮಣ್ಣಾದದ್ದು 1889ರಲ್ಲಿ, ಅದೇ ಊರಿನಲ್ಲಿ. ತಂದೆ ಇಮಾಮ ಸಾಹೇಬ, ತಾಯಿ ಹಜ್ಜುಮಾ. ಗುರು ಕಳಸದ ಗೋವಿಂದ ಭಟ್ಟರು. ಕಳಸ ಇರುವುದು ನಮ್ಮದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ. ಧಾರವಾಡ–ಹುಬ್ಬಳ್ಳಿ ನಡುವಿನ ಸತ್ತೂರಿನಿಂದ ಹುಬ್ಬಳ್ಳಿ ದಾಟಿ ಕುಂದಗೋಳದ ದಾರಿ ಹಿಡಿದರೆ ಕಳಸವೂ ಶಿಶುನಾಳವೂ ಒಂದೇ ದಿನದ ತಿರುಗಾಟ. ಅಷ್ಟು ಹತ್ತಿರದ ಮನುಷ್ಯ. ಹತ್ತಿರದವನಾದ್ದರಿಂದಲೇ ಆತ ಹೇಳಿದ್ದನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸತ್ತೂರು ಎಂದರೆ ಈಗ ಎಲ್ಲರಿಗೂ ಎಸ್‌ಡಿಎಂ ಆಸ್ಪತ್ರೆ. ಮೊದಲು ಬಂದದ್ದು ಹಲ್ಲಿನ ಕಾಲೇಜು, 1986ರಲ್ಲಿ. ಆಮೇಲೆ 2003ರಲ್ಲಿ ವೈದ್ಯಕೀಯ ಕಾಲೇಜು. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಹೋಗುವವರಿಗೆ ಸತ್ತೂರು ಒಂದು ಗಾಜಿನ ನಿಲ್ದಾಣ, ಇಳಿದವರ ಕೈಯಲ್ಲಿ ಎಕ್ಸ್‌ರೇ ಕವರು. ಆದರೆ ರಸ್ತೆ ಬಿಟ್ಟು ಒಳಗೆ ಹೋದರೆ ಊರು ಇನ್ನೂ ಇದೆ. ಹೆಂಡಿಯ ವಾಸನೆ ಇದೆ, ಕಟ್ಟೆ ಇದೆ, ಗುಡಿಯಲ್ಲಿ ಭಜನೆ ಇದೆ. ಪಕ್ಕದ ನವಲೂರಿನ ಪೇರಲ ಹಣ್ಣಿನ ಬುಟ್ಟಿ ಹೊತ್ತವರು ಹಾದುಹೋಗುತ್ತಾರೆ. ಆ ಭಜನೆಯಲ್ಲಿ ಕೂತು ಶರೀಫರ ಪದ ಕೇಳುವುದು ಕ್ಯಾಸೆಟ್ಟಿನಲ್ಲಿ ಕೇಳಿದ ಹಾಗಲ್ಲ. ತಾಳ, ದಮ್ಮಡಿ, ಹಾರ್ಮೋನಿಯಂ. ಗಂಟಲು ಒಡೆದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪದ ಮುಗಿದ ಮೇಲೆ ಚಹಾ ಬರುತ್ತದೆ, ಚಹಾದ ಜೊತೆ ಅರ್ಥವೂ ಬರುತ್ತದೆ.

“ಕೋಡಗ ಅಂದ್ರ ಮನಸ್ಸು, ತಮ್ಮಾ. ಒಂದ್ ಕಡೆ ಕುಂದ್ರಂಗಿಲ್ಲ. ಕೋಳಿ ಅಂದ್ರ ಅರಿವು, ನಸುಕಿನ್ಯಾಗ ಕೂಗಿ ಎಬ್ಬಸ್ತೈತಿ. ಅರಿವು ಮನಸ್ಸನ್ನ ನುಂಗಿತು. ಆತಿಲ್ಲೋ?” ಎಂದು ಹಿರಿಯರೊಬ್ಬರು ಹೇಳಿದರು. ಪಕ್ಕದಲ್ಲಿ ದಮ್ಮಡಿ ಹಿಡಿದು ಕೂತಿದ್ದವರು ಒಪ್ಪಲಿಲ್ಲ. ಅವರ ಪ್ರಕಾರ ಕೋಳಿ ಎಂದರೆ ಕಾಲ. ಕೆದರಿ ಕೆದರಿ ಎಲ್ಲವನ್ನೂ ಹೆಕ್ಕಿ ತಿನ್ನುತ್ತದಲ್ಲ! ಮೂರನೆಯವರಿಗೆ ಆಡು ಎಂದರೆ ವಿನಯ, ಆನೆ ಎಂದರೆ ಅಹಂಕಾರ. ಮದ್ದಳೆ ಎಂದರೆ ಅನಾಹತ ನಾದ. ಗವಿ ಎಂದರೆ ಬ್ರಹ್ಮರಂಧ್ರ. ಚಹಾ ಆರುವುದರೊಳಗೆ ಹಾಡಿನಲ್ಲಿದ್ದ ಒಂದೊಂದು ಪ್ರಾಣಿಗೂ ಪಾತ್ರೆಗೂ ಒಂದೊಂದು ಕೀಲಿಕೈ ಸಿದ್ಧವಾಗಿತ್ತು. ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುವುದಷ್ಟೇ ಬಾಕಿ.

ಇದನ್ನು ಗೇಲಿ ಮಾಡುವ ಹಾಗಿಲ್ಲ. ಈ ಓದಿಗೆ ದೊಡ್ಡ ಪರಂಪರೆಯೇ ಇದೆ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭು ಬೆಡಗಿನ ವಚನಗಳನ್ನು ಹೇಳಿದ. ಆಮೇಲಿನ ಶತಮಾನಗಳಲ್ಲಿ ಅವುಗಳಿಗೆ ಟೀಕೆ ಬರೆಯುವುದೇ ಒಂದು ವಿದ್ಯೆಯಾಯಿತು. ದಾಸರ ಕಡೆ ಇಂಥವನ್ನು ಮುಂಡಿಗೆ ಎಂದರು. ಮುಂಡಿಗೆಗೆ ಹೆಸರಾದ ಕನಕದಾಸರು ಹುಟ್ಟಿದ ಬಾಡ ಇರುವುದೂ ಶಿಗ್ಗಾವಿ ತಾಲ್ಲೂಕಿನಲ್ಲೇ. ಒಂದೇ ತಾಲ್ಲೂಕು ಎರಡು ಬೇರೆ ಬೇರೆ ಕಾಲದಲ್ಲಿ ಇಬ್ಬರು ಒಗಟುಗಾರರನ್ನು ಕೊಟ್ಟಿದೆ ಎಂಬುದನ್ನು ಶಿಗ್ಗಾವಿಯವರು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬಹುದಿತ್ತು. ಉತ್ತರದಲ್ಲಿ ಕಬೀರನ ತಲೆಕೆಳಗು ಪದಗಳಿಗೆ ಉಲಟ್‌ಬಾಂಸಿ ಎಂಬ ಹೆಸರೇ ಇದೆ. ಇವರೆಲ್ಲರ ಸಾಲಿನಲ್ಲಿ ಶರೀಫರನ್ನು ಕೂರಿಸಿ, ಅನುಭಾವದ ಕೋಶ ಹಿಡಿದು ಬಿಡಿಸುವುದು ಪಂಡಿತರಿಗೂ ಭಜನೆಯವರಿಗೂ ರೂಢಿ.

ಆದರೆ ಕೀಲಿಕೈ ಸಿಕ್ಕ ಕೂಡಲೇ ಒಂದು ಅನಾಹುತವಾಗುತ್ತದೆ. ಹೆದರಿಕೆ ಹೊರಟುಹೋಗುತ್ತದೆ. ಮುದುಕಿ ಎಂದರೆ ವಾಸನೆ, ನೆಲ್ಲು ಎಂದರೆ ಜ್ಞಾನ ಎಂದು ಗೊತ್ತಾದ ಮೇಲೆ ಮುದುಕಿ ಸತ್ತದ್ದು ಯಾರಿಗೂ ನೋಯುವುದಿಲ್ಲ. ಹಾಡಿನಲ್ಲಿ ಒಬ್ಬ ಮುದುಕಿ ಇದ್ದಳು ಎಂಬುದೇ ಮರೆತುಹೋಗುತ್ತದೆ.

ಮಕ್ಕಳ ಹಾಡಿನಲ್ಲಿ ಗುಟ್ಟು ಹುಡುಕುವ ಚಟ ನಮಗೊಬ್ಬರಿಗೇ ಅಂಟಿದ್ದಲ್ಲ. ನಮ್ಮ ಇಂಗ್ಲಿಷ್ ಮೀಡಿಯಂ ಬಾಲವಾಡಿಗಳಲ್ಲೂ ಕೈಕೈ ಹಿಡಿದು ಸುತ್ತಿ ಕೊನೆಗೆ ನೆಲಕ್ಕೆ ಬೀಳುವ ‘ರಿಂಗಾ ರಿಂಗಾ ರೋಸಸ್’ ಇದೆಯಲ್ಲ, ಅದು ಲಂಡನ್ನಿನ ಪ್ಲೇಗಿನ ಹಾಡು, ಬೀಳುವುದೆಂದರೆ ಸಾಯುವುದು ಎಂದು ಬಲ್ಲವರು ಹೇಳುತ್ತಾರೆ. ಮಕ್ಕಳ ಹಾಡುಗಳನ್ನು ಜೀವಮಾನವೆಲ್ಲ ಕೂಡಿಹಾಕಿದ ಐಯೋನಾ ಮತ್ತು ಪೀಟರ್ ಓಪಿ ದಂಪತಿ ಇದನ್ನು ನಂಬಲಿಲ್ಲ. ಪ್ಲೇಗು ಲಂಡನ್ನಿಗೆ ಬಡಿದದ್ದು 1665ರಲ್ಲಿ. ಹಾಡು ಅಚ್ಚಾಗಿ ಕಾಣುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಪ್ಲೇಗಿನ ಅರ್ಥ ಅದಕ್ಕೆ ಸುತ್ತಿಕೊಂಡದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಹೀಗೆ ಇಲ್ಲದ ಕತ್ತಲೆಯನ್ನು ಹೊರಗಿನಿಂದ ತಂದು ತುಂಬುವವರು ಅಲ್ಲಿ. ಇದ್ದ ಕತ್ತಲೆಗೆ ವೇದಾಂತದ ಟ್ಯೂಬ್‌ಲೈಟು ಹಾಕುವವರು ಇಲ್ಲಿ.

ಹಾಗಾದರೆ ಹಾಡನ್ನು ಹಾಡಿನ ಹಾಗೆ ಓದುವುದು ಹೇಗೆ? ನಾನು ಮಾಡಿದ್ದು ಸಣ್ಣ ಕೆಲಸ. ಸಾಮಾನ್ಯವಾಗಿ ಅಚ್ಚಾಗುವ ಪಾಠವನ್ನು ಮುಂದಿಟ್ಟುಕೊಂಡು, ಯಾರು ಯಾರನ್ನು ನುಂಗುತ್ತಾರೆ ಎಂದು ಹಾಳೆಯ ಮೇಲೆ ಬರೆದುಕೊಂಡೆ. ಬಾಯಿಂದ ಬಾಯಿಗೆ ಬಂದ ಪದ, ಹಾಡುವವರು ಅಲ್ಲಲ್ಲಿ ತಿರುಗಿಸುತ್ತಾರೆ. ಆದರೆ ಎಲುಬಿನ ಹಂದರ ಎಲ್ಲ ಕಡೆಗೂ ಒಂದೇ.

ಬರೆದುಕೊಂಡ ಮೇಲೆ ಕಂಡದ್ದು ನನಗೇ ವಿಚಿತ್ರವೆನಿಸಿತು. ಇದು ತಲೆಕೆಳಗಾದ ಹಾಡು ಎನ್ನುತ್ತೇವಲ್ಲ, ಅರ್ಧಕ್ಕರ್ಧ ತಲೆಕೆಳಗಾಗಿಯೇ ಇಲ್ಲ. ಕೋಳಿ ಮಂಗನನ್ನು ನುಂಗುವುದು, ಆಡು ಆನೆಯನ್ನು ನುಂಗುವುದು ಆಗದ ಮಾತು, ಸರಿ. ಆದರೆ ಗೋಡೆ ಸುಣ್ಣ ಕುಡಿಯುವುದರಲ್ಲಿ ಆಶ್ಚರ್ಯವೇನು? ಮಣ್ಣಿನ ಗೋಡೆಗೆ ಯುಗಾದಿಗೆ ಸುಣ್ಣ ಬಳಿದವರಿಗೆಲ್ಲ ಗೊತ್ತು. ಮೊದಲ ಕೈ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ, ಗೋಡೆ ಅಷ್ಟನ್ನೂ ಒಳಗೆ ಎಳೆದುಕೊಂಡಿರುತ್ತದೆ. ಒಳ್ಳಿನೊಳಗೆ ಒನಕೆ ಹೋಗುವುದು ದಿನದ ಕೆಲಸ. ಬೀಸುವ ಕಲ್ಲಿನಲ್ಲಿ ಗೂಟ ಹೂತುಕೊಂಡೇ ಇರುತ್ತದೆ. ಎತ್ತು ತನ್ನ ಕೊರಳಿನ ಜತ್ತಗಿಯನ್ನು ಅಗಿದು ಹಾಕುವುದನ್ನು ಒಕ್ಕಲಿಗರ ಮನೆಯಲ್ಲಿ ಬೆಳೆದವರು ನೋಡಿಯೇ ಇರುತ್ತಾರೆ. ಇವೆಲ್ಲ ಅಡಿಗೆಮನೆಯಲ್ಲೂ ಕೊಟ್ಟಿಗೆಯಲ್ಲೂ ಕಣ್ಣಾರೆ ಕಾಣುವ ಸಂಗತಿಗಳು. ಶರೀಫರು ಸುಳ್ಳನ್ನೂ ನಿಜವನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿದ್ದಾರೆ. ಕೋಳಿಯ ಸುಳ್ಳಿಗೆ ನಕ್ಕ ಬಾಯಿ ಮುಚ್ಚುವುದರೊಳಗೆ ಗೋಡೆಯ ನಿಜ ಒಳಗೆ ಇಳಿದಿರುತ್ತದೆ.

ಇನ್ನೊಂದು ಸಂಗತಿ. ಕೊನೆಯ ನುಡಿಗೆ ಬರುವ ಹೊತ್ತಿಗೆ ಆಗದ ಮಾತು ಒಂದೂ ಉಳಿದಿರುವುದಿಲ್ಲ. ಗುಡ್ಡದೊಳಗೆ ಗವಿ ಇರುತ್ತದೆ. ಗವಿಯೊಳಗೆ ಇರುವೆ ಇರುತ್ತದೆ. ಆಮೇಲೆ ಗುರುವಿನ ಪಾದದೊಳಗೆ ಹಾಡುವವನು ಕರಗುತ್ತಾನೆ. ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು; ಎಲ್ಲ ಕ್ರಮಬದ್ಧ, ಒಗಟೇ ಇಲ್ಲ. ಹಾಡು ಶುರುವಾಗುವುದು ಕೂಸು ನಗುವಂಥ ಸುಳ್ಳಿನಿಂದ, ಮುಗಿಯುವುದು ಯಾರೂ ಅಲ್ಲಗಳೆಯಲಾರದ ಮಾತಿನಿಂದ. ಈ ನಡುವಿನ ದಾರಿಯನ್ನೇ ನಾನು ದೊಡ್ಡವರಾಗುವುದು ಎನ್ನುವುದು.

ಆ ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ಪ್ರತಿ ನುಡಿಯಲ್ಲೂ ಮೊದಲು ಎರಡು ವಸ್ತುಗಳ ಜೋಡಿ ನುಂಗಾಟ, ಆಮೇಲೆ ಒಬ್ಬ ಮನುಷ್ಯ. ಕುಣಿಯಲು ಬಂದ ಪಾತರದವಳು. ಕಾಳು ಮೆಲ್ಲಲು ಬಂದ ಮುದುಕಿ. ಮಗ್ಗದಲ್ಲಿ ಕೂತ ನೇಕಾರ. ಮೇಳಿ ಹಿಡಿದ ಒಕ್ಕಲಿಗ. ನಾಲ್ವರನ್ನೂ ಹುಲಿ ಹಿಡಿಯಲಿಲ್ಲ, ಹಾವು ಕಚ್ಚಲಿಲ್ಲ, ದೊರೆಯ ಕಡೆಯವರು ಒಯ್ಯಲಿಲ್ಲ. ಕುಣಿಯುವವಳನ್ನು ಅವಳಿಗಾಗಿ ಬಾರಿಸುವ ಮದ್ದಳೆಯೇ ತೆಗೆದುಕೊಂಡಿತು. ಮುದುಕಿಯನ್ನು ಅವಳ ತುತ್ತೇ ತೆಗೆದುಕೊಂಡಿತು. ಒಕ್ಕಲಿಗನನ್ನು ಅವನ ಮುಷ್ಟಿಯೊಳಗಿದ್ದ ಮೇಳಿಯೇ ತೆಗೆದುಕೊಂಡಿತು. ಯಾವುದನ್ನು ಹಿಡಿದು ಬದುಕುತ್ತೇವೆ ಎಂದುಕೊಂಡರೋ ಅದು ಅವರನ್ನು ಹಿಡಿಯಿತು. ಬಾಲ್ಯದಲ್ಲಿ ಇದು ತಿಳಿಯುವುದು ಸಾಧ್ಯವೇ ಇಲ್ಲ, ಏಕೆಂದರೆ ಕೂಸಿನ ಕೈಯಲ್ಲಿ ಇನ್ನೂ ಏನೂ ಇರುವುದಿಲ್ಲ.

ನಾಲ್ವರಲ್ಲಿ ನನ್ನನ್ನು ಬಿಡದೆ ಕಾಡುವವನು ನೇಕಾರ. ಅವನನ್ನು ನುಂಗುವುದು ಮಗ್ಗವಲ್ಲ, ಮಗ್ಗದ ಕುಣಿ. ಇಳಕಲ್ಲಿನಲ್ಲಿ ಸೀರೆ ನೇಯುವ ಮನೆಯೊಂದಕ್ಕೆ ಹೋಗುವವರೆಗೂ ಆ ಮಾತು ನನಗೆ ಬರೀ ಪ್ರಾಸದಂತೆ ಕೇಳಿಸುತ್ತಿತ್ತು. ಕುಣಿಮಗ್ಗವನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ. ಪಡಸಾಲೆಯ ನೆಲದಲ್ಲಿ ಚೌಕಾಕಾರದ ತಗ್ಗು ತೋಡಿರುತ್ತಾರೆ. ಮಗ್ಗದ ಚೌಕಟ್ಟು ನೆಲಮಟ್ಟದಲ್ಲಿ. ತುಳಿಯುವ ಹಲಗೆಗಳು ತಗ್ಗಿನೊಳಗೆ. ನೇಯುವವರು ತಗ್ಗಿನ ಅಂಚಿನ ಮೇಲೆ ಕೂತು ಕಾಲು ಇಳಿಬಿಡುತ್ತಾರೆ. ಒಂದು ಕೈ ಹಗ್ಗ ಜಗ್ಗುತ್ತದೆ, ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಇನ್ನೊಂದು ಕೈ ಹಣಿಗೆಯನ್ನು ಎಳೆದು ಎಳೆಯನ್ನು ಬಿಗಿ ಮಾಡುತ್ತದೆ. ಬಾಗಿಲಲ್ಲಿ ನಿಂತವರಿಗೆ ಕಾಣುವುದು ಅರ್ಧ ಮನುಷ್ಯ. ಸೊಂಟದಿಂದ ಕೆಳಗೆ ನೆಲವೇ. ತಗ್ಗಿನ ಅಂಚಿನ ಕಲ್ಲು ಎರಡು ತೊಡೆಗಳ ಕೆಳಗೆ ನುಣ್ಣಗೆ ಸವೆದು ಹೊಳೆಯುತ್ತಿತ್ತು; ಅದೇ ಜಾಗದಲ್ಲಿ ಅವರ ತಂದೆಯೂ ಕೂತಿದ್ದರಂತೆ. ಮನೆಯ ಹುಡುಗರು ಮೊದಲು ಕಂಡಿಕೆ ಸುತ್ತುತ್ತಾರೆ. ಕಾಲು ಉದ್ದವಾಗಿ ಕೆಳಗಿನ ಹಲಗೆಯನ್ನು ಮುಟ್ಟಿತೋ, ಅವತ್ತು ಇಳಿಯುತ್ತಾರೆ. ಆ ಮನೆಗಳಲ್ಲಿ ಹುಡುಗ ದೊಡ್ಡವನಾದದ್ದನ್ನು ಅಳೆದದ್ದು ಹುಟ್ಟಿದ ತಾರೀಖಿನಿಂದಲ್ಲ, ಕುಣಿಯ ಆಳದಿಂದ.

ಸತ್ತವರನ್ನು ಇಡುವ ತಗ್ಗಿಗೂ ನಮ್ಮ ಕಡೆ ಕುಣಿ ಎಂದೇ ಹೆಸರು. ಶರೀಫರಿಗೆ ಅದು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಅವರ ಕಾಲವನ್ನೂ ಒಂದಿಷ್ಟು ನೆನೆಯಬೇಕು. ಅವರು ಹುಟ್ಟುವ ಹೊತ್ತಿಗೆ ಪೇಶ್ವೆಯರ ಆಳಿಕೆ ಮುಗಿದು ಧಾರವಾಡ ಸೀಮೆ ಆಗಷ್ಟೇ ಕಂಪನಿಯ ಕೈಗೆ ಬಂದಿತ್ತು. ಹತ್ತಿ ಇಲ್ಲಿಂದ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. ಬಟ್ಟೆಯಾಗಿ ವಾಪಸು ಬಂದು ಕೈಮಗ್ಗದ ಮಗ್ಗುಲಿಗೇ ಕೂತುಕೊಳ್ಳುತ್ತಿತ್ತು. 1876–78ರ ದೊಡ್ಡ ಬರ ಬಂದಾಗ ಅವರಿಗೆ ಅರವತ್ತರ ಹತ್ತಿರ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಗಿರಣಿ ಬಂತು. ಗಿರಣಿಯನ್ನು ಕಂಡು ಶರೀಫರು ಬೇರೆಯೇ ಒಂದು ಪದ ಕಟ್ಟಿದ್ದಾರೆ, ಯಂತ್ರದ ಒಂದೊಂದು ಭಾಗವನ್ನೂ ದೇಹಕ್ಕೆ ಹೋಲಿಸಿ. ಲಾಳಿಯಂಥ ಚೋಟುದ್ದದ ಸಾಮಾನು ಇಡೀ ಮಗ್ಗವನ್ನು ನುಂಗಿತು ಎಂದು ಹಾಡುವವನು ಕಣ್ಣು ಮುಚ್ಚಿ ಧ್ಯಾನದಲ್ಲಿ ಕೂತವನಲ್ಲ. ಸಂತೆ, ಕಣ, ಮಗ್ಗ ಎಲ್ಲ ಕಡೆ ತಿರುಗಿದವನು.

ಶೋಕದ ಹಾಡು ಅವರಿಗೆ ಹೊಸದೂ ಅಲ್ಲ. ಮೊಹರಮ್ಮಿನಲ್ಲಿ ಹೆಜ್ಜೆ ಮೇಳದವರು ಹಾಡುವ ರಿವಾಯತ್ ಪದಗಳನ್ನು ಶರೀಫರು ಬೇಕಾದಷ್ಟು ಬರೆದಿದ್ದಾರೆ. ಕರ್ಬಲಾದ ನೆತ್ತರು, ನೀರಿಲ್ಲದೆ ಸತ್ತ ಕೂಸು, ಗಂಡನನ್ನು ಕಳಕೊಂಡ ಹೆಂಗಸರು, ಇವೆಲ್ಲ ಆ ಹಾಡುಗಳ ಸರಕು. ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವವನ ಬಾಯಿಂದಲೇ ಕೋಡಗನ ಪದವೂ ಬಂತು ಎಂಬುದನ್ನು ಶಿಶುಗೀತೆಯ ಸೀಡಿ ಮಾಡಿದವರು ಮರೆಸಿಬಿಟ್ಟಿದ್ದಾರೆ.

ಈಗಿನ ಧಾರವಾಡದಲ್ಲಿ ಈ ಹಾಡಿಗೆ ಹೊಸ ನುಡಿ ಸೇರಿಸಬೇಕೆಂದರೆ ನಾನು ಸಪ್ತಾಪುರಕ್ಕೆ ಹೋಗುತ್ತೇನೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳದ ಹುಡುಗರು ಹುಡುಗಿಯರು ಬಂದು ತುಂಬಿಕೊಂಡ ಓಣಿಗಳು ಅವು. ಮೆಸ್ಸು, ಝೆರಾಕ್ಸು, ಕುರ್ಚಿ ಬಾಡಿಗೆಯ ವಾಚನಾಲಯ. ಊರಿನಲ್ಲಿ ಎರಡು ಎಕರೆ ಮಳೆಯಾಶ್ರಯದ ಹೊಲ, ಇಲ್ಲಿ ಮೂವರಿಗೊಂದು ಕೋಣೆ. ಅಧಿಸೂಚನೆ ಬರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಕೋರ್ಟಿಗೆ ಹೋಗುತ್ತದೆ, ಮತ್ತೆ ಬರುತ್ತದೆ. ಈ ನಡುವೆ ಊರಿನಲ್ಲಿ ತಂಗಿಯ ಮದುವೆಯಾಗಿರುತ್ತದೆ, ಸರೀಕರ ಮಕ್ಕಳು ಸಾಲಿಗೆ ಹೋಗುತ್ತಿರುತ್ತಾರೆ. ಅವರ ಕೈಯಲ್ಲಿರುವ ದಪ್ಪ ಪುಸ್ತಕವೇ ಅವರ ಮದ್ದಳೆ, ಅವರ ಮೇಳಿ. ವಯೋಮಿತಿ ಮುಗಿಯುವ ವರ್ಷ ಆ ಪುಸ್ತಕ ಬಾಯಿ ಮುಚ್ಚುತ್ತದೆ. ಇದರಲ್ಲಿ ಬ್ರಹ್ಮರಂಧ್ರದ ಮಾತೇನೂ ಬೇಕಿಲ್ಲ.

ಸತ್ತೂರಿನ ಆಸ್ಪತ್ರೆಯ ಮುಂದೆ ಬೆಳಗಿನ ಪಾಳಿ ಬದಲಾಗುವಾಗ ನಿಂತರೂ ಅಷ್ಟೇ. ನರ್ಸಿಂಗ್ ಓದಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ಚಿಗರಿ ಹತ್ತುತ್ತಾರೆ. ನವನಗರ ಬರುವುದರೊಳಗೆ ಕಿಟಕಿಗೆ ತಲೆ ಆನಿಸಿ ನಿದ್ದೆ. ನಿಲ್ದಾಣದ ಹೆಸರು ಕೂಗಿದ್ದೂ ಕೇಳಿಸುವುದಿಲ್ಲ.

ಇಲ್ಲಿ ಒಂದು ಸುಲಭದ ಸಾಲು ಬರೆಯುವ ಆಸೆಯಾಗುತ್ತದೆ: ಸತ್ತೂರಿನ ಹೊಲಗಳನ್ನು ಲೇಔಟು ನುಂಗಿತು, ಊರನ್ನು ರಸ್ತೆ ನುಂಗಿತು, ಅವಳಿ ನಗರ ಎರಡೂ ಕಡೆಯಿಂದ ಬಾಯಿ ತೆರೆದು ಬರುತ್ತಿದೆ. ಪತ್ರಿಕೆಯವರಿಗೆ ಇಷ್ಟವಾಗುವ ಸಾಲು, ನಾನೂ ಒಂದೆರಡು ಸಲ ಬರೆದಿರಬಹುದು. ಆದರೆ ಶರೀಫರ ಲೆಕ್ಕಕ್ಕೆ ಅದು ಕೂಡುವುದಿಲ್ಲ. ದೊಡ್ಡದು ಸಣ್ಣದನ್ನು ನುಂಗಿದರೆ ಅದು ವರದಿ. ಅಲ್ಲಿ ತಪ್ಪು ಯಾರದ್ದೆಂದು ಗೊತ್ತಿರುತ್ತದೆ, ಮನವಿ ಕೊಡಬಹುದು, ಧರಣಿ ಕೂರಬಹುದು. ಶರೀಫರ ಹಾಡಿನಲ್ಲಿ ಹೊಲ ಹೋಗುವುದಿಲ್ಲ. ಹೊಲ ಇದ್ದೇ ಒಕ್ಕಲಿಗ ಹೋಗುತ್ತಾನೆ. ಮೇಳಿಯ ಮೇಲೆ ಯಾವ ಠಾಣೆಯಲ್ಲೂ ದೂರು ಬರೆದುಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಭಜನೆಯ ಹಿರಿಯರಿಗೆ ಉತ್ತರ ಕೊಡಲೇಬೇಕು. ಇದು ದುಃಖದ ಪದವೇ ಅಲ್ಲ ಎಂಬುದು ಅವರ ವಾದ. ಕೊನೆಗೆ ಗುರುಪಾದ ಸಿಕ್ಕಿತಲ್ಲ, ಅದಕ್ಕಿಂತ ಆನಂದ ಉಂಟೇ? ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತಳ್ಳಿಹಾಕಿದರೆ ಶರೀಫರ ಜೀವನವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತದೆ.

ಹುಡುಗ ಶರೀಫನಿಗೆ ಗೋವಿಂದ ಭಟ್ಟರು, ನಿನ್ನ ಅಪ್ಪ ಯಾರೋ ಎಂದು ಕೇಳಿದರೆ, ನಿಮಗೆ ಯಾರು ಅಪ್ಪನೋ ನನಗೂ ಅವನೇ ಅಪ್ಪ ಎಂದು ತಿರುಗಿ ಹೇಳಿದನಂತೆ. ಈ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮುಂದೆ ಮುಲ್ಕಿ ಪರೀಕ್ಷೆ ಪಾಸಾಗಿ ಸಾಲಿಯ ಮಾಸ್ತರಿಕೆ ಮಾಡಿದರು. ಆ ಕಾಲಕ್ಕೆ ಅದು ಗಟ್ಟಿ ನೌಕರಿ, ಊರಲ್ಲಿ ಮರ್ಯಾದೆ. ಕೆಲವು ವರ್ಷ ನಡೆಸಿ ಬಿಟ್ಟು ಬಂದರು. ಕುಂದಗೋಳದ ಫಾತಿಮಾಳೊಂದಿಗೆ ಮದುವೆಯಾಯಿತು, ಆಕೆ ಹೆಚ್ಚು ಕಾಲ ಬದುಕಲಿಲ್ಲ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ ಎಂದು ಎರಡೂ ಕಡೆಯವರು ಆಡಿಕೊಂಡರು. ಭಟ್ಟರು ತಮ್ಮ ಕೈಯಾರೆ ಶಿಷ್ಯನ ಕೊರಳಿಗೆ ಜನಿವಾರ ಹಾಕಿದರು ಎಂಬ ಐತಿಹ್ಯವಿದೆ, ಅದರ ಮೇಲೂ ಶರೀಫರ ಪದವಿದೆ.

ಅಂದರೆ ಆತನಿಗೂ ಒಂದು ಕುಣಿ ಸಿದ್ಧವಾಗಿತ್ತು: ಸಾಲಿ, ಹಲಗೆ, ಹಾಜರಿ ಪುಸ್ತಕ, ಪಗಾರ. ಕಾಲು ಇಳಿಬಿಟ್ಟೂ ಆಗಿತ್ತು. ಎದ್ದು ಬಂದ. ಎದ್ದು ಬಂದು ಯಾರಿಗೂ ಸಿಗದೆ ಉಳಿದನೇ ಎಂದರೆ, ಅದನ್ನು ಆತ ಹೇಳುವುದಿಲ್ಲ. ಇಲ್ಲಿ ಶರೀಫರ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಬೇರೆ ಯಾವ ಅನುಭಾವಿಯಾದರೂ ಕೊನೆಯ ನುಡಿಯಲ್ಲಿ ಕ್ರಿಯಾಪದ ಬದಲಿಸುತ್ತಿದ್ದ. ಗುರು ಎತ್ತಿಕೊಂಡ ಎನ್ನುತ್ತಿದ್ದ, ಅಪ್ಪಿಕೊಂಡ, ಉದ್ಧರಿಸಿದ ಎನ್ನುತ್ತಿದ್ದ. ಶರೀಫರು ಬದಲಿಸಲಿಲ್ಲ. ಕೋಳಿಗೆ ಬಳಸಿದ ಮಾತೇ ಗುರುವಿಗೂ. ಮುದುಕಿಗೆ ಆದದ್ದೇ ತನಗೂ. ಬೇರೆಯವರಿಗೂ ಅವರಿಗೂ ಇದ್ದ ಫರಕು ಇಷ್ಟೇ, ಯಾರ ಬಾಯಿಗೆ ಬೀಳಬೇಕೆಂದು ಅವರು ತಾವೇ ಗೊತ್ತುಮಾಡಿಕೊಂಡರು. ಬೇರೆ ಪದಗಳಲ್ಲಿ ಶಿಶುನಾಳಾಧೀಶನೆಂಬ ಅಂಕಿತ ಹಾಕಿ ಸಹಿ ಮಾಡುವ ಮನುಷ್ಯ ಇಲ್ಲಿ ಆ ಜಾಗದಲ್ಲಿ ಗುರುವಿನ ಹೆಸರನ್ನಿಟ್ಟಿದ್ದಾರೆ. ಸಹಿ ಹಾಕುವವನೇ ಒಳಗೆ ಹೋದ ಮೇಲೆ ಅಂಕಿತ ಎಲ್ಲಿಂದ ಬರಬೇಕು?

ಹಾಗಾಗಿ ಹಿರಿಯರು ಆನಂದ ಎನ್ನುವುದನ್ನು ನಾನು ಒಪ್ಪುತ್ತೇನೆ, ಕೊನೆಯ ಸಾಲಿನ ಮಟ್ಟಿಗೆ. ಆ ಆನಂದವನ್ನು ಹಿಂದಕ್ಕೆ ಒಯ್ದು ಪಾತರದವಳ ಮೇಲೆ, ಮುದುಕಿಯ ಮೇಲೆ, ನೇಕಾರನ ಮೇಲೆ ಹೊದಿಸುವುದನ್ನು ಮಾತ್ರ ಒಪ್ಪಲಾರೆ. ಅವರಿಗೆ ಗೋವಿಂದ ಭಟ್ಟರು ಸಿಕ್ಕಿರಲಿಲ್ಲ.

ಹಾಡಿನ ಹೆದರಿಕೆ ಕಳೆದುಹೋದದ್ದರಲ್ಲಿ ವೇದಾಂತಿಗಳ ಪಾಲು ಎಷ್ಟಿದೆಯೋ ರಾಗದ ಪಾಲೂ ಅಷ್ಟೇ ಇದೆ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಆರಿಸಿ ತೆಗೆದು, ಸಿ. ಅಶ್ವತ್ಥರು ರಾಗ ಹಾಕಿ, ಶಿವಮೊಗ್ಗ ಸುಬ್ಬಣ್ಣನವರಂಥವರು ದನಿ ಕೊಟ್ಟು ಕ್ಯಾಸೆಟ್ಟು ಬಂದಾಗಲೇ ತುಂಗಭದ್ರೆಯಿಂದ ಆಚೆಗಿನ ಕರ್ನಾಟಕಕ್ಕೆ ಶರೀಫರು ಗೊತ್ತಾದದ್ದು. ಭಟ್ಟರಿಗಂತೂ ಶರೀಫ ಭಟ್ಟರೆಂಬ ಹೆಸರೇ ಬಿತ್ತು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಸಿಕ್ಕಿತು. ಇವರೆಲ್ಲರ ಋಣ ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಕೋಡಗನ ಪದಕ್ಕೆ ಸಿಕ್ಕ ಕುಣಿತದ ಲಯ, ಕೇಳಿದ ಕೂಡಲೇ ಚಪ್ಪಾಳೆ ತಟ್ಟಿಸುವ ಆ ಓಟ, ನೇಕಾರನಿಗೆ ಒಂದು ಉಸಿರಿನಷ್ಟೂ ಜಾಗ ಬಿಡುವುದಿಲ್ಲ. ಸತ್ತೂರಿನ ಭಜನೆಯಲ್ಲಿ ಅದೇ ಪದ ಏಳುತ್ತ ಬೀಳುತ್ತ ಸಾಗುತ್ತದೆ. ಪ್ರತಿ ನುಡಿ ಮುಗಿದ ಮೇಲೆ ಪಲ್ಲವಿ ಎತ್ತಿಕೊಳ್ಳಲು ಒಬ್ಬರಿಗೊಬ್ಬರು ಮುಖ ನೋಡಿಕೊಳ್ಳುತ್ತಾರೆ. ಆ ಖಾಲಿ ಹೊತ್ತಿನಲ್ಲಿ ನುಂಗಿಸಿಕೊಂಡವರು ಯಾರೆಂದು ಯೋಚಿಸಲು ಸಮಯ ಸಿಗುತ್ತದೆ.

ಹೋದ ಚಳಿಗಾಲದಲ್ಲಿ ಇಲ್ಲಿಯದೇ ಒಂದು ಸಾಲಿಯ ಗ್ಯಾದರಿಂಗ್‌ಗೆ ಹೋಗಿದ್ದೆ. ಎರಡನೆಯ ಇಯತ್ತೆಯ ಮಕ್ಕಳು ಮಂಗನ ಬಾಲ, ಕೋಳಿಯ ಜುಟ್ಟು ಕಟ್ಟಿಕೊಂಡು ಕುಣಿದರು. ಥರ್ಮಾಕೋಲಿನ ಆನೆಯೂ ಇತ್ತು. ರೆಕಾರ್ಡಿಗೆ ಬೀಟು ಸೇರಿಸಿದ್ದರು, ತಾಯಂದಿರು ಮೊಬೈಲು ಎತ್ತಿ ಹಿಡಿದಿದ್ದರು. ಕೊನೆಯ ನುಡಿ ಬರಲೇ ಇಲ್ಲ; ಒಕ್ಕಲಿಗ ಮುಗಿದದ್ದೇ ಮತ್ತೆ ಪಲ್ಲವಿಗೆ ಹಾರಿ, ಪರದೆ ಬಿತ್ತು. ಕುಣಿಸಿದ ಟೀಚರ್ ಪರಿಚಯದವರೇ. ಆ ನುಡಿ ಯಾಕೆ ಬಿಟ್ಟಿರಿ ಎಂದು ಕೇಳಿದೆ.

“ನಾಕು ನಿಮಿಷ ಅಷ್ಟ ಕೊಟ್ಟಾರ್ರಿ ಸರ. ಮ್ಯಾಲೆ ಅದರಾಗ ಮಕ್ಕಳಿಗೆ ಏನ್ ಸ್ಟೆಪ್ ಹಾಕಸ್ಲಿ? ಗುಡ್ಡಾ ಮಾಡಬೌದು, ಗವಿ ಮಾಡಬೌದು. ನಾನು ಅನ್ನೋದನ್ನ ಯಾರ್ ಮಾಡ್ಬೇಕು?”